ಗುಳೆ ಹೋದವರು ಕಟ್ಟಿದ ಚೀನಾ

ಚೀನಾ ಎಂದರೆ ನಮ್ಮ ಕಡೆ ಮೂರು ಬಗೆಯ ಮಾತು ಕೇಳಿಬರುತ್ತದೆ. ಮೊದಲನೆಯದು ಅಗ್ಗದ ಸಾಮಾನಿನ ಮಾತು. ಸಿಂಧನೂರಿನ ಅಂಗಡಿಗಳಲ್ಲಿ ಸಿಗುವ ಟಾರ್ಚು, ಬ್ಯಾಟರಿ ಪಂಪು, ಮಕ್ಕಳ ಆಟಿಕೆ ಎಲ್ಲವೂ ಅಲ್ಲಿಂದ ಬಂದವು, ನಾಲ್ಕು ದಿನ ಬಾಳುವುದಿಲ್ಲ ಎಂಬುದು. ಎರಡನೆಯದು ಬೆರಗಿನ ಮಾತು. ಮುಗಿಲು ಮುಟ್ಟುವ ಕಟ್ಟಡ, ಗಂಟೆಗೆ 300 ಕಿ.ಮೀ. ಓಡುವ ರೈಲು, ಹತ್ತು ದಿನದಲ್ಲಿ ಎದ್ದುನಿಂತ ಆಸ್ಪತ್ರೆ. 2020ರ ಗಾಲ್ವಾನ್ ಘರ್ಷಣೆಯ ಬಳಿಕ ಮೂರನೆಯದೂ ಸೇರಿತು: ಅದು ಶತ್ರು ದೇಶ. ಈ ಮೂರು ಮಾತುಗಳಲ್ಲೂ ಅಲ್ಲಿನ ಮನುಷ್ಯರು ಕಾಣುವುದಿಲ್ಲ. ಅವರು ಏನು ಉಣ್ಣುತ್ತಾರೆ, ಹೊಲ ಯಾರ ಹೆಸರಲ್ಲಿದೆ, ಮಕ್ಕಳು ಎಲ್ಲಿ ಓದುತ್ತಾರೆ, ಮುಪ್ಪಿನಲ್ಲಿ ಅವರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುವವರು ಕಡಿಮೆ.

ರಾಯಚೂರು ಜಿಲ್ಲೆಯ ಗೊರೇಬಾಳದಲ್ಲಿ ಹುಟ್ಟಿ ಬೆಳೆದು, ಕೆಲವು ವರ್ಷ ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ ದುಡಿದು ಬಂದವನಾಗಿ ನಾನು ಈ ಪ್ರಶ್ನೆಗಳನ್ನೇ ಹಿಡಿದು ಬರೆಯುತ್ತಿದ್ದೇನೆ. 1990ರ ಹೊತ್ತಿಗೆ ಭಾರತದ ಮತ್ತು ಚೀನಾದ ತಲಾ ಆದಾಯ ಹೆಚ್ಚುಕಡಿಮೆ ಸಮನಾಗಿತ್ತು. ಇಂದು ಚೀನಾದ್ದು ನಮ್ಮದಕ್ಕಿಂತ ಸುಮಾರು ಐದು ಪಟ್ಟು. ಈ ಅಂತರ ಹೇಗೆ ಬಂತು? ಅದಕ್ಕೆ ಬೆಲೆ ತೆತ್ತವರು ಯಾರು? ಕಾಲುವೆ ನೀರು ಬಂದು 70 ವರ್ಷ ಕಳೆದರೂ ಗುಳೆ ನಿಲ್ಲದ ನಮ್ಮ ಸೀಮೆ ಅಲ್ಲಿಂದ ಕಲಿಯಬೇಕಾದದ್ದು ಏನು, ಕಲಿಯಬಾರದ್ದು ಏನು?

ಹೋದವರು, ಬಂದವರು

ಎರಡು ನೆಲಗಳ ನಡುವಿನ ಓಡಾಟ ಹೊಸದಲ್ಲ. ಕ್ರಿ.ಶ. 641ರ ಸುಮಾರಿಗೆ ಹ್ಯೂಯೆನ್ ತ್ಸಾಂಗ್ ಎಂಬ ಚೀನೀ ಬೌದ್ಧ ಯಾತ್ರಿಕ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಬಂದಿದ್ದ. ಇಲ್ಲಿಯ ಜನ ಸ್ವಾಭಿಮಾನಿಗಳು, ಮಾಡಿದ ಉಪಕಾರ ಮರೆಯುವುದಿಲ್ಲ, ಅವಮಾನವನ್ನು ಸುಮ್ಮನೆ ಬಿಡುವುದಿಲ್ಲ ಎಂದು ಬರೆದುಕೊಂಡ. ಅವನು ಅರಸಿ ಬಂದ ಬುದ್ಧನ ಧರ್ಮದ ಗುರುತು ನಮ್ಮ ನೆರೆಯ ಮಸ್ಕಿಯ ಬಂಡೆ ಶಾಸನದಲ್ಲೇ ಇದೆ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ಅಶೋಕನ ಹೆಸರು ನೇರವಾಗಿ ಸಿಕ್ಕಿತು.

ನಮ್ಮ ಕಡೆಯಿಂದ ಅಲ್ಲಿಗೆ ಹೋದವರಲ್ಲಿ ಚೀನೀಯರು ಇಂದಿಗೂ ನೆನೆಯುವ ಹೆಸರು ಡಾ. ದ್ವಾರಕಾನಾಥ ಕೋಟ್ನಿಸ್. ಮರಾಠಿ, ಕನ್ನಡ, ತೆಲುಗು ಮೂರೂ ಕೇಳಿಬರುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದವರು. ಜಪಾನ್ ದಾಳಿಯಿಂದ ಚೀನಾ ನರಳುತ್ತಿದ್ದಾಗ, 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದೊಂದಿಗೆ ಹೋದರು. ಅಲ್ಲಿಯ ಭಾಷೆ ಕಲಿತರು, ಅಲ್ಲಿಯ ದಾದಿಯನ್ನೇ ಮದುವೆಯಾದರು, ಗಾಯಾಳುಗಳ ಶುಶ್ರೂಷೆಯಲ್ಲೇ ಬಳಲಿ 1942ರ ಡಿಸೆಂಬರಿನಲ್ಲಿ, 32ನೇ ವಯಸ್ಸಿನಲ್ಲಿ ತೀರಿಕೊಂಡರು. ಷಿಜಿಯಾಝುವಾಂಗ್ ನಗರದಲ್ಲಿ ಅವರ ಸ್ಮಾರಕವಿದೆ. ನಾನು ಭಾರತದವನೆಂದು ತಿಳಿದಾಗ ಚೀನೀ ಹಿರಿಯರು ಮೊದಲು ಎತ್ತುತ್ತಿದ್ದುದು ಅವರ ಹೆಸರನ್ನು.

ಈಚಿನ ದಶಕಗಳಲ್ಲಿ ಹೋದವರು ಬೇರೆ ಬಗೆಯವರು. 2003ರಲ್ಲಿ ಇನ್ಫೊಸಿಸ್ ಶಾಂಘೈನಲ್ಲಿ ಕಂಪನಿ ತೆರೆದ ಮೇಲೆ ಎಂಜಿನಿಯರುಗಳು ಹೋದರು. ಇಲ್ಲಿಯ ಖಾಸಗಿ ಕಾಲೇಜುಗಳ ಶುಲ್ಕ ಕಟ್ಟಲಾಗದ ಮನೆಗಳ ಮಕ್ಕಳು ವೈದ್ಯಕೀಯ ಓದಲು ಹೋದರು. ಬಟ್ಟೆ, ಯಂತ್ರದ ಬಿಡಿಭಾಗ ಕೊಳ್ಳುವ ವ್ಯಾಪಾರಿಗಳು ಯಿವು, ಕೆಚಿಯಾವ್ ಪಟ್ಟಣಗಳಲ್ಲಿ ಕೋಣೆ ಹಿಡಿದರು. ಇವರಲ್ಲಿ ಬಹುಪಾಲು ಜನ ಕಂಡದ್ದು ನಗರದ ಚೀನಾ. ನನ್ನ ಕಣ್ಣು ಹೆಚ್ಚಾಗಿ ಹೋದದ್ದು ಆ ನಗರಗಳಿಗೆ ಹಳ್ಳಿಯಿಂದ ಬಂದವರ ಕಡೆಗೆ.

ದಿನದ ಬದುಕು

ಚೀನೀಯರ ದಿನ ಬೇಗ ಶುರುವಾಗುತ್ತದೆ. ಆರು ಗಂಟೆಗೆಲ್ಲ ಓಣಿಯ ತಿರುವಿನಲ್ಲಿ ಹಬೆಯ ಬಟ್ಟಲುಗಳು ಏಳುತ್ತವೆ. ಒಳಗೆ ಹೂರಣ ತುಂಬಿದ ಮೆತ್ತನೆಯ ಉಂಡೆ, ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ಕೋಲು, ಬಿಸಿ ಸೋಯಾ ಹಾಲು. ಹನ್ನೊಂದೂವರೆಗೆ ಮಧ್ಯಾಹ್ನದ ಊಟ, ಆಮೇಲೆ ಅರ್ಧ ಗಂಟೆ ನಿದ್ದೆ. ಕಚೇರಿಯಲ್ಲೇ ಮೇಜಿಗೆ ತಲೆಯಿಟ್ಟು ಮಲಗುವುದನ್ನು ಯಾರೂ ತಪ್ಪೆನ್ನುವುದಿಲ್ಲ. ಸಂಜೆ ಆರಕ್ಕೆ ರಾತ್ರಿಯೂಟ. ಕುಡಿಯುವುದು ಬಿಸಿನೀರು, ಬೇಸಿಗೆಯಲ್ಲೂ. ರೈಲಿನಲ್ಲಿ, ಆಸ್ಪತ್ರೆಯಲ್ಲಿ, ಕಾರ್ಖಾನೆಯಲ್ಲಿ ಎಲ್ಲೆಲ್ಲೂ ಬಿಸಿನೀರಿನ ನಲ್ಲಿ ಇರುತ್ತದೆ, ಅದಕ್ಕೆ ಕಾಸು ಕೇಳುವುದಿಲ್ಲ. ಊಟವಾದ ಮೇಲೆ ನಡುವಯಸ್ಸು ದಾಟಿದ ಹೆಂಗಸರು ಚೌಕದಲ್ಲಿ ಸೇರಿ, ಹಾಡು ಹಚ್ಚಿ ಸಾಲಾಗಿ ಕುಣಿಯುತ್ತಾರೆ. ಯಾರ ಅಪ್ಪಣೆಯೂ ಬೇಡ, ಯಾರ ಅಂಜಿಕೆಯೂ ಇಲ್ಲ. ನಮ್ಮೂರುಗಳಲ್ಲಿ ಐವತ್ತು ದಾಟಿದ ತಾಯಂದಿರಿಗೆ ಸಂಜೆ ಒಂದು ತಾಸು ತಮ್ಮದೆಂದು ಸಿಗುವುದು ಎಷ್ಟು ಅಪರೂಪ ಎಂಬುದು ನನಗೆ ಹೊಳೆದದ್ದೇ ಅಲ್ಲಿ.

ಶರಣರ ಮನೆಯ ಶಾಕಾಹಾರಿಗೆ ಅಲ್ಲಿ ಊಟ ಕಷ್ಟ. ಹುರಿದ ಸೊಪ್ಪಿಗೂ ಹಂದಿ ಕೊಬ್ಬು ಬಿದ್ದಿರುತ್ತದೆ. ಆದರೂ ಒಂದು ಬಟ್ಟಲು ನನ್ನನ್ನು ನೇರ ಮನೆಗೆ ಕರೆದೊಯ್ದಿತು. ಉತ್ತರದ ಹೆಬೇ ಪ್ರಾಂತ್ಯದಿಂದ ಬಂದಿದ್ದ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಸೊಸೆ ಬಾಣಂತಿ. ಅತ್ತೆ ಒಲೆಯ ಮೇಲೆ ಹಳದಿ ಗಂಜಿ ಕುದಿಸುತ್ತಿದ್ದರು. ಅದಕ್ಕೆ ಕೆಂಪು ಸಕ್ಕರೆ ಹಾಕಿದರು, ಪಕ್ಕದಲ್ಲಿ ಬೇಯಿಸಿದ ಮೊಟ್ಟೆ ಇಟ್ಟರು. ಚಮಚದಲ್ಲಿ ಎತ್ತಿ ನೋಡಿದರೆ ನವಣೆ! ನಮ್ಮ ಲಿಂಗಸುಗೂರು, ಮಸ್ಕಿ ಕಡೆಯ ಒಣಹೊಲಗಳಲ್ಲಿ ಹಿರಿಯರು ಬೆಳೆಯುತ್ತಿದ್ದ, ಈಗ ಸಿರಿಧಾನ್ಯವೆಂದು ಪೊಟ್ಟಣದಲ್ಲಿ ಮಾರುವ ಅದೇ ನವಣೆ. ಉತ್ತರ ಚೀನಾದಲ್ಲಿ ಇದನ್ನು ಸುಮಾರು 8 ಸಾವಿರ ವರ್ಷಗಳ ಹಿಂದೆಯೇ ಪಳಗಿಸಿದ್ದರು ಎಂದು ಪುರಾತತ್ವಜ್ಞರು ಹೇಳುತ್ತಾರೆ. ಬಾಣಂತಿ ತಿಂಗಳಿಡೀ ಹೊರಗೆ ಹೋಗಬಾರದು, ತಣ್ಣೀರು ಮುಟ್ಟಬಾರದು, ಗಾಳಿಗೆ ತಲೆ ಒಡ್ಡಬಾರದು ಎಂದು ಆ ಅತ್ತೆ ಹೇಳಿದ ನೇಮಗಳನ್ನು ನಮ್ಮವ್ವನೂ ಹೇಳುತ್ತಿದ್ದಳು. ನಮ್ಮ ಮುಖ್ಯ ಆಹಾರವಾದ ಜೋಳದ ದಾರಿ ಮಾತ್ರ ಅಲ್ಲಿ ಬೇರೆ: ಅದು ರೊಟ್ಟಿಯಾಗುವುದು ಕಡಿಮೆ, ಬೈಜಿಯೂ ಎಂಬ ಖಡಕ್ ಮದ್ಯವಾಗುವುದು ಹೆಚ್ಚು.

ಮದುವೆಯಲ್ಲಿ ಹಣ ಹರಿಯುವ ದಿಕ್ಕೂ ಬೇರೆ. ಅಲ್ಲಿ ತೆರ ಕೊಡುವುದು ಗಂಡಿನ ಕಡೆಯವರು. ಒಂದೇ ಮಗುವಿನ ಕಟ್ಟಳೆಯ ಕಾಲದಲ್ಲಿ ಹೆಣ್ಣುಭ್ರೂಣಗಳನ್ನು ತೆಗೆಸಿದ್ದರಿಂದ ಹೆಣ್ಣುಗಳು ಕಡಿಮೆಯಾಗಿ, ತೆರದ ಮೊತ್ತ ಏರಿ, ಬಡ ರೈತರ ಮಕ್ಕಳು ಮದುವೆಯಾಗದೆ ಉಳಿದಿದ್ದಾರೆ. ವರದಕ್ಷಿಣೆಯಿರಲಿ ತೆರವಿರಲಿ, ಹೆಣ್ಣನ್ನು ಲೆಕ್ಕದ ವಸ್ತುವಾಗಿ ನೋಡಿದ ಸಮಾಜ ಕೊನೆಗೆ ದುಃಖವನ್ನೇ ಉಣ್ಣುತ್ತದೆ.

ಹೊಲ ಯಾರದು?

ಚೀನಾದ ಏಳಿಗೆಯ ಕಥೆಯನ್ನು ಎಲ್ಲರೂ ಕಾರ್ಖಾನೆಯಿಂದ ಶುರುಮಾಡುತ್ತಾರೆ. ಅದು ಶುರುವಾದದ್ದು ಹೊಲದಲ್ಲಿ. 1959ರಿಂದ 61ರವರೆಗಿನ ಬರಗಾಲದಲ್ಲಿ ಕೋಟ್ಯಂತರ ಜನ ಹಸಿವಿನಿಂದ ಸತ್ತಿದ್ದರು. ಸರ್ಕಾರದ ತಪ್ಪು ನೀತಿಯೇ ಅದಕ್ಕೆ ಮುಖ್ಯ ಕಾರಣ. ಸಾಮೂಹಿಕ ಬೇಸಾಯದಲ್ಲಿ ಯಾರಿಗೂ ಹುರುಪು ಉಳಿದಿರಲಿಲ್ಲ. 1978ರ ಚಳಿಗಾಲದಲ್ಲಿ ಅನ್‌ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಎಂಬ ಕಡುಬಡ ಹಳ್ಳಿಯ 18 ರೈತರು ರಾತ್ರಿ ಗುಟ್ಟಾಗಿ ಕೂಡಿ, ಕಾಗದವೊಂದಕ್ಕೆ ಹೆಬ್ಬೆಟ್ಟು ಒತ್ತಿದರು. ಭೂಮಿಯನ್ನು ಮನೆವಾರು ಹಂಚಿಕೊಂಡು ಬೇಸಾಯ ಮಾಡುವುದು, ಸರ್ಕಾರದ ಪಾಲು ಸಲ್ಲಿಸಿ ಉಳಿದದ್ದನ್ನು ತಾವಿಟ್ಟುಕೊಳ್ಳುವುದು, ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷದವರೆಗೆ ಉಳಿದವರು ಸಾಕುವುದು. ಮರುವರ್ಷವೇ ಬೆಳೆ ಹಲವು ಪಟ್ಟು ಹೆಚ್ಚಿತು. ಸರ್ಕಾರ ಅದನ್ನೇ ದೇಶದ ನೀತಿಯಾಗಿ ಒಪ್ಪಿಕೊಂಡಿತು. ಐದಾರು ವರ್ಷಗಳಲ್ಲಿ ಸಾಮೂಹಿಕ ಬೇಸಾಯದ ಕಮ್ಯೂನುಗಳು ಇಲ್ಲವಾದವು.

ಆ ವ್ಯವಸ್ಥೆಯ ತಿರುಳು ಹೀಗಿದೆ. ಭೂಮಿಯ ಒಡೆತನ ಹಳ್ಳಿಯದು, ಉಳುವ ಹಕ್ಕು ಮನೆತನದ್ದು. ಮೊದಲು 15 ವರ್ಷ, ಆಮೇಲೆ 30 ವರ್ಷ ಗುತ್ತಿಗೆ, 2017ರಲ್ಲಿ ಇನ್ನೂ 30 ವರ್ಷ ಮುಂದುವರಿಸುವ ಘೋಷಣೆ. ತುಂಡು ಚಿಕ್ಕದು, ಬಹುತೇಕ ಮನೆಗಳಿಗೆ ಒಂದೆರಡು ಎಕರೆ. ಬೇರೆಯವರಿಗೆ ಗೇಣಿಗೆ ಕೊಡಬಹುದು, ಮಾರುವಂತಿಲ್ಲ.

ಈ ಮಾರುವಂತಿಲ್ಲ ಎಂಬುದರ ಬೆಲೆ ನಮ್ಮ ಸೀಮೆಯವರಿಗೆ ಬೇಗ ತಿಳಿಯುತ್ತದೆ. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿದು, ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳತ್ತ ಹರಿದು ಬಂದಾಗ ನಮ್ಮವರ ಎರೆ ಹೊಲಗಳಲ್ಲಿ ಇದ್ದದ್ದು ಜೋಳ, ಸಜ್ಜೆ, ಹತ್ತಿ. ಗದ್ದೆ ಕಟ್ಟುವುದು, ನಾಟಿ ಮಾಡುವುದು ಗೊತ್ತಿರಲಿಲ್ಲ, ಮಡಿ ಸಮ ಮಾಡಲು ದುಡ್ಡೂ ಇರಲಿಲ್ಲ. ಗೋದಾವರಿ, ಕೃಷ್ಣಾ ಮುಖಜ ಭೂಮಿಯಿಂದ ಬಂದ ಆಂಧ್ರದ ರೈತರು ಅಗ್ಗದ ಬೆಲೆಗೆ ಹೊಲ ಕೊಂಡರು, ಗುಡಿಸಲು ಹಾಕಿದರು, ಅವು ಕ್ಯಾಂಪುಗಳಾದವು. ಅವರು ಮೈಮುರಿದು ದುಡಿದು ಈ ಸೀಮೆಯನ್ನು ಭತ್ತದ ಕಣಜ ಮಾಡಿದರು, ನಮ್ಮವರಿಗೂ ಭತ್ತ ಕಲಿಸಿದರು. ಆ ಶ್ರಮಕ್ಕೆ ಕೈಮುಗಿಯಬೇಕು. ಪೂರ್ವ ಬಂಗಾಳ ಮತ್ತು ಬರ್ಮಾದಿಂದ ನೆಲೆ ತಪ್ಪಿ ಬಂದವರೂ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಬೇರುಬಿಟ್ಟು ದುಡಿದಿದ್ದಾರೆ. ಆದರೆ ಹೊಲ ಮಾರಿದ ನಮ್ಮ ಮನೆತನಗಳ ಎಷ್ಟೋ ಮಕ್ಕಳು, ಮೊಮ್ಮಕ್ಕಳು ತಮ್ಮದಾಗಿದ್ದ ನೆಲದಲ್ಲೇ ನಾಟಿ ಕೂಲಿಗೆ ಇಳಿದರು. ತಪ್ಪು ಕೊಂಡವರದ್ದಲ್ಲ. ನೀರು ಹರಿಸಿದ ಸರ್ಕಾರ ನೀರಾವರಿ ಬೇಸಾಯ ಕಲಿಸಲಿಲ್ಲ, ಸಾಲ ಕೊಡಲಿಲ್ಲ, ಹೊಲ ಉಳಿಸಿಕೊಳ್ಳಿ ಎಂದು ಹೇಳುವವರೂ ಇರಲಿಲ್ಲ. 2020ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಬೇಸಾಯ ಮಾಡದವರೂ ಜಮೀನು ಕೊಳ್ಳಬಹುದಾಗಿದೆ. ಹಳೆಯ ಕಥೆ ಮತ್ತೆ ನಡೆಯುವ ಭಯ ನನಗಿದೆ.

ಚೀನಾದ ವ್ಯವಸ್ಥೆಯೂ ನಿರ್ದೋಷವಲ್ಲ. ರೈತ ಮಾರುವಂತಿಲ್ಲ, ಸ್ಥಳೀಯ ಆಡಳಿತ ಮಾತ್ರ ವಶಪಡಿಸಿಕೊಂಡು ಬಿಲ್ಡರುಗಳಿಗೆ ಕೊಡಬಹುದು. ಪುರಸಭೆಗಳ ಬೊಕ್ಕಸ ತುಂಬಿದ್ದೇ ಹಾಗೆ. 2011ರಲ್ಲಿ ಗುವಾಂಗ್‌ಡಾಂಗ್‌ನ ವುಕಾನ್ ಹಳ್ಳಿಯ ಜನ ಇದರ ವಿರುದ್ಧ ಬೀದಿಗಿಳಿದದ್ದು ಜಗತ್ತಿಗೇ ಸುದ್ದಿಯಾಯಿತು. ಆದರೂ ಊರಿನಲ್ಲಿ ತುಂಡು ಹೊಲ ಉಳಿದಿದೆ ಎಂಬ ಧೈರ್ಯ ಕೋಟ್ಯಂತರ ಜನರನ್ನು ಕಾಪಾಡಿತು. ಕಾರ್ಖಾನೆ ಮುಚ್ಚಿದರೆ ಮರಳಲು ಅವರಿಗೆ ಒಂದು ಜಾಗವಿತ್ತು.

ಭತ್ತ, ನೀರು, ಬೆಲೆ

ಎಕರೆವಾರು ಇಳುವರಿಯಲ್ಲಿ ನಮ್ಮ ರೈತ ಚೀನೀ ರೈತನಿಗಿಂತ ಹಿಂದೆ ಬಿದ್ದಿಲ್ಲ. ಇದನ್ನು ಅಲ್ಲಿಯವರಿಗೂ ಹೇಳಿದ್ದೇನೆ, ಇಲ್ಲಿಯವರಿಗೂ ಹೇಳುತ್ತಿದ್ದೇನೆ. ಚೀನಾದ ಸರಾಸರಿ ಹೆಕ್ಟೇರಿಗೆ ಸುಮಾರು 7 ಟನ್ ಭತ್ತ. ನಮ್ಮ ಲೆಕ್ಕದಲ್ಲಿ ಎಕರೆಗೆ 75 ಕಿಲೋದ 37–38 ಚೀಲ. ಸಿಂಧನೂರಿನ ಒಳ್ಳೆಯ ಮಡಿಯಲ್ಲಿ 35–40 ಚೀಲ ತೆಗೆಯುವವರು ಬೇಕಾದಷ್ಟಿದ್ದಾರೆ. ವ್ಯತ್ಯಾಸವೆಂದರೆ ಅಲ್ಲಿ ಅದು ಇಡೀ ದೇಶದ ಸರಾಸರಿ. ಭಾರತದ ಸರಾಸರಿ ಅದರ ಮುಕ್ಕಾಲನ್ನೂ ಮುಟ್ಟುವುದಿಲ್ಲ. 1970ರ ದಶಕದಲ್ಲಿ ಹುನಾನ್ ಪ್ರಾಂತ್ಯದ ಯುವಾನ್ ಲಾಂಗ್‌ಪಿಂಗ್ ರೂಪಿಸಿದ ಸಂಕರಣ ಭತ್ತ ಈ ಸರಾಸರಿಯ ಹಿಂದಿದೆ. 2021ರಲ್ಲಿ ಅವರು ತೀರಿಕೊಂಡಾಗ ಚಾಂಗ್‌ಷಾ ನಗರದ ಬೀದಿಗಳಲ್ಲಿ ಸಾವಿರಾರು ಜನ ಹೂ ಹಿಡಿದು ಸಾಲುಗಟ್ಟಿದರು. ಬೆಳೆ ವಿಜ್ಞಾನಿಯೊಬ್ಬರಿಗೆ ಒಂದು ದೇಶ ಅಷ್ಟು ಗೌರವ ಕೊಟ್ಟದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ.

ನಮ್ಮವರು ಸೋಲುವುದು ಬೆಳೆ ಕೈಗೆ ಬಂದ ಮೇಲೆ. ಚೀನಾ 2004ರಿಂದ ಭತ್ತಕ್ಕೆ ಕನಿಷ್ಠ ಖರೀದಿ ಬೆಲೆ ಘೋಷಿಸಿ, ಮಾರುಕಟ್ಟೆ ಕುಸಿದಾಗ ತಾನೇ ಕೊಳ್ಳುತ್ತದೆ. 2006ರಲ್ಲಿ ಸಾವಿರಾರು ವರ್ಷಗಳಿಂದ ಬಂದ ಕೃಷಿ ತೆರಿಗೆಯನ್ನೇ ತೆಗೆದುಹಾಕಿತು. ನಮ್ಮಲ್ಲೂ ಬೆಂಬಲ ಬೆಲೆಯಿದೆ. ಆದರೆ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಣ್ಣ ರೈತ ಕಮಿಷನ್ ಅಂಗಡಿಯ ಸಾಲ ತೀರಿಸಲು ಕಣದಲ್ಲೇ ಭತ್ತ ಮಾರಿರುತ್ತಾನೆ. ಲೀಜಿಗೆ ಮಾಡಿದವನ ಹೆಸರು ಪಹಣಿಯಲ್ಲಿರುವುದಿಲ್ಲ, ಅವನಿಗೆ ಬೆಂಬಲ ಬೆಲೆಯ ಬಾಗಿಲೂ ಸುಲಭಕ್ಕೆ ತೆರೆಯುವುದಿಲ್ಲ.

ನೆಲ ಕೆಡಿಸುವುದರಲ್ಲಿ ಇಬ್ಬರೂ ಒಂದೇ. 2014ರಲ್ಲಿ ಚೀನಾ ಸರ್ಕಾರ ಹೊರಗೆಡವಿದ ಸಮೀಕ್ಷೆಯಲ್ಲಿ ಪರೀಕ್ಷಿಸಿದ ಕೃಷಿಭೂಮಿಯ ಮಾದರಿಗಳ ಪೈಕಿ ಶೇ 19.4ರಷ್ಟು ಮಲಿನವಾಗಿದ್ದವು. ಅದಕ್ಕೆ ಒಂದು ವರ್ಷ ಮೊದಲು ಹುನಾನ್ ಅಕ್ಕಿಯಲ್ಲಿ ಕ್ಯಾಡ್ಮಿಯಂ ಸಿಕ್ಕು ಗುವಾಂಗ್‌ಝೌ ನಗರ ಬೆಚ್ಚಿತ್ತು. ಗೊಬ್ಬರದ ಬಳಕೆ ಇನ್ನು ಹೆಚ್ಚಬಾರದು ಎಂದು 2015ರಲ್ಲಿ ಅವರು ಗುರಿ ಹಾಕಿಕೊಂಡರು. ನಮ್ಮ ಕಾಲುವೆ ಬದಿಯ ಎಷ್ಟೋ ಹೊಲಗಳು ಸವಳಾಗಿವೆ, ಔಷಧಿ ಸಿಂಪಡಣೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ನಮ್ಮ ಹೊಲಗಳಲ್ಲಿ ಇದಕ್ಕೆ ಇನ್ನೂ ಕಡಿವಾಣ ಬಿದ್ದಿಲ್ಲ.

ನೀರಿನ ವಿಷಯದಲ್ಲಿ ಸಿಚುವಾನ್‌ನ ದೂಜಿಯಾಂಗ್‌ಯಾನ್ ನೋಡಲೇಬೇಕಾದ ಜಾಗ. ಕ್ರಿ.ಪೂ. 3ನೇ ಶತಮಾನದಲ್ಲಿ ಲಿ ಬಿಂಗ್ ಎಂಬ ಅಧಿಕಾರಿ ಮಿನ್ ನದಿಯನ್ನು ಎರಡಾಗಿ ಸೀಳಿ ಕಟ್ಟಿದ ಕಾಲುವೆ ವ್ಯವಸ್ಥೆ ಇಂದಿಗೂ ಚೆಂಗ್ಡು ಬಯಲಿಗೆ ನೀರುಣಿಸುತ್ತಿದೆ. ತಪ್ಪದೆ ಹೂಳೆತ್ತುವ ಶಿಸ್ತೇ ಅದರ ಆಯುಸ್ಸಿನ ಕಾರಣ. ನಮ್ಮಲ್ಲೂ ವಿಜಯನಗರದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಆದರೆ ತುಂಗಭದ್ರಾ ಜಲಾಶಯ ಹೂಳು ತುಂಬಿ 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದು ಕೂತಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಲೆಕ್ಕ ಮೀರಿ ಭತ್ತ ನಾಟಿ ಮಾಡುವುದರಿಂದ ಮಾನ್ವಿ, ರಾಯಚೂರಿನ ಕೊನೆಭಾಗದ ರೈತರು ಪ್ರತಿವರ್ಷ ನೀರಿಗಾಗಿ ರಸ್ತೆಗಿಳಿಯುತ್ತಾರೆ. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಅರೆ ನೀರಾವರಿ ಬೆಳೆಗಳಿಗೆ ಎಂಬುದನ್ನು ನಾವೆಲ್ಲ ಮರೆತಿದ್ದೇವೆ.

ಅವರ ಗುಳೆ

ನನ್ನ ಬಾಡಿಗೆ ಕೋಣೆಯ ಕೆಳಗೆ ಗಂಡ ಹೆಂಡತಿ ನಡೆಸುವ ನೂಡಲ್ ಅಂಗಡಿಯಿತ್ತು. ಅನ್‌ಹುಯಿಯ ಹಳ್ಳಿಯಿಂದ ಬಂದವರು. ಗಂಡ ಕಣಕವನ್ನು ಎಳೆದೆಳೆದು ದಾರ ಮಾಡುತ್ತಿದ್ದ, ಹೆಂಡತಿ ಸಾರು, ಲೆಕ್ಕ, ಮೇಜು ಒರೆಸುವುದು. ರಾತ್ರಿ ಎಂಟರ ಸುಮಾರಿಗೆ ಗಿರಾಕಿ ಕಡಿಮೆಯಾದಾಗ ಆಕೆ ಮೊಬೈಲನ್ನು ಮೆಣಸಿನೆಣ್ಣೆಯ ಡಬ್ಬಿಗೆ ಒರಗಿಸಿ, ಹಿಟ್ಟಿನ ಕೈಯಲ್ಲೇ ಊರಿಗೆ ವಿಡಿಯೋ ಕರೆ ಮಾಡುತ್ತಿದ್ದಳು. ಆ ಬದಿಯಲ್ಲಿ ಅಜ್ಜಿಯ ಪಕ್ಕ ಕುಳಿತು ಲೆಕ್ಕ ಬರೆಯುತ್ತಿದ್ದ ಒಂಬತ್ತು ಹತ್ತರ ಹುಡುಗ. ಅವನು ತಲೆ ಎತ್ತದೆ ಹೂಂ, ಹೂಂ ಎನ್ನುತ್ತಿದ್ದ. ವರ್ಷಕ್ಕೊಮ್ಮೆ ಬರುವ ಅವ್ವನ ಜೊತೆ ಏನು ಮಾತಾಡಬೇಕೋ ಅವನಿಗೆ ಗೊತ್ತಿರಲಿಲ್ಲ. ಕರೆ ಮುಗಿದ ಮೇಲೆ ಆಕೆ ಯಾರ ಮುಖವನ್ನೂ ನೋಡದೆ ಬಟ್ಟಲು ತೊಳೆಯಲು ಎದ್ದು ಹೋಗುತ್ತಿದ್ದಳು.

ಚೀನಾದಲ್ಲಿ ಹೀಗೆ ಊರು ಬಿಟ್ಟು ದುಡಿಯುವವರು ಸುಮಾರು 30 ಕೋಟಿ. ಗಗನಚುಂಬಿ ಕಟ್ಟಿದವರು, ಐಫೋನ್ ಜೋಡಿಸಿದವರು, ರೈಲು ಹಳಿ ಹಾಸಿದವರು, ಊಟದ ಪೊಟ್ಟಣ ಹೊತ್ತು ಸ್ಕೂಟರ್ ಓಡಿಸುವವರು ಎಲ್ಲ ಇವರೇ. 1958ರಿಂದ ಬಂದ ಹುಕೌ ಎಂಬ ಮನೆತನ ನೋಂದಣಿ ಪದ್ಧತಿ ಇವರನ್ನು ಹಳ್ಳಿಗೇ ಕಟ್ಟಿಹಾಕಿದೆ. ನಗರದಲ್ಲಿ ಇಪ್ಪತ್ತು ವರ್ಷ ದುಡಿದರೂ ನಗರದ ಹುಕೌ ಇಲ್ಲದಿದ್ದರೆ ಮಕ್ಕಳಿಗೆ ಅಲ್ಲಿಯ ಸರ್ಕಾರಿ ಶಾಲೆ ಸಿಗುವುದು ಕಷ್ಟ, ಕಾಲೇಜು ಪ್ರವೇಶ ಪರೀಕ್ಷೆ ಬರೆಯಲು ಊರಿಗೇ ಹೋಗಬೇಕು. ಅದಕ್ಕಾಗಿ ಮಕ್ಕಳನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟು ಬರುತ್ತಾರೆ. ಹೀಗೆ ಊರಲ್ಲೇ ಉಳಿದ ಮಕ್ಕಳ ಸಂಖ್ಯೆ 6 ಕೋಟಿಗೂ ಮೇಲೆ ಎಂದು 2013ರಲ್ಲಿ ಅಲ್ಲಿಯ ಮಹಿಳಾ ಒಕ್ಕೂಟ ಅಂದಾಜಿಸಿತ್ತು. ಈಚೆಗೆ ಸಣ್ಣ ನಗರಗಳಲ್ಲಿ ನಿಯಮ ಸಡಿಲವಾಗಿದೆ. ಬೀಜಿಂಗ್, ಶಾಂಘೈಗಳಲ್ಲಿ ಬಾಗಿಲು ಇನ್ನೂ ಬಿಗಿಯಾಗಿಯೇ ಇದೆ.

ನಮ್ಮಲ್ಲಿ ಅಂಥ ಕಾನೂನಿಲ್ಲ. ಲಿಂಗಸುಗೂರು, ಮಸ್ಕಿ, ದೇವದುರ್ಗದಿಂದ ಬೆಂಗಳೂರು, ಪುಣೆ, ಮುಂಬೈಗೆ ಯಾರು ಬೇಕಾದರೂ ಹೋಗಬಹುದು. ಆದರೆ ಕಟ್ಟಡದ ಬುಡದಲ್ಲಿ ತಗಡಿನ ಶೆಡ್ಡು, ಶಾಲೆ ಬಿಟ್ಟು ತಂಗಿಯನ್ನು ಆಡಿಸುವ ಮಗು, ಊರಲ್ಲೇ ಉಳಿದ ರೇಷನ್ ಕಾರ್ಡು. ಕಾನೂನು ತಡೆಯದಿದ್ದರೂ ಬಡತನ ಅದೇ ಕೆಲಸ ಮಾಡುತ್ತದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನಿಂದ ಸಿಂಧನೂರು ತಾಲ್ಲೂಕಿನ ತನ್ನೂರಿಗೆ ನಡೆದು ಹೊರಟ ಕಟ್ಟಡ ಕಾರ್ಮಿಕ ಹೆಣ್ಣುಮಗಳೊಬ್ಬಳು ಬಳ್ಳಾರಿಯಲ್ಲಿ ಪ್ರಾಣ ಬಿಟ್ಟಳು. ಆ ಸಾವನ್ನು ನಾವು ಮರೆಯಕೂಡದು.

ಮೊದಲು ಶಾಲೆ, ಆಮೇಲೆ ಕಾರ್ಖಾನೆ

ಇಬ್ಬರ ಗುಳೆಯೂ ಒಂದೇ ಬಗೆಯ ನೋವಾದರೆ ಫಲ ಏಕೆ ಬೇರೆ? ನನಗೆ ಕಂಡ ಉತ್ತರ ಇದು: ಚೀನಾದ ಹಳ್ಳಿಯವನು ನಗರಕ್ಕೆ ಹೊರಟಾಗ ಓದು ಬಲ್ಲವನಾಗಿದ್ದ. 1980ರ ದಶಕದ ಆರಂಭದಲ್ಲಿ, ಕಾರ್ಖಾನೆಗಳು ಏಳುವ ಮೊದಲೇ, ಅಲ್ಲಿ ವಯಸ್ಕರ ಪೈಕಿ ಮೂವರಲ್ಲಿ ಇಬ್ಬರು ಅಕ್ಷರಸ್ಥರಿದ್ದರು. ಆಗ ಭಾರತದಲ್ಲಿ ಅರ್ಧದಷ್ಟೂ ಇರಲಿಲ್ಲ. 1986ರಲ್ಲಿ ಒಂಬತ್ತು ವರ್ಷದ ಶಿಕ್ಷಣ ಕಡ್ಡಾಯವಾಯಿತು. ನಮ್ಮ ರಾಯಚೂರು ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲೂ ಶೇ 60 ಮುಟ್ಟಿರಲಿಲ್ಲ. ರಾಜ್ಯದಲ್ಲಿ ಯಾದಗಿರಿಯೊಂದೇ ನಮಗಿಂತ ಕೆಳಗೆ. ಅಂದರೆ ಚೀನಾ 30 ವರ್ಷ ಹಿಂದೆಯೇ ದಾಟಿದ ಗೆರೆಯನ್ನು ನಾವು ಆಗಿನ್ನೂ ದಾಟಿರಲಿಲ್ಲ.

ಹೆಣ್ಣುಮಕ್ಕಳ ದುಡಿಮೆ ಎರಡನೆಯ ಕಾರಣ. ದಕ್ಷಿಣ ಕರಾವಳಿಯ ಕಾರ್ಖಾನೆಗಳನ್ನು ತುಂಬಿದವರು 18–20ರ ಹಳ್ಳಿ ಹುಡುಗಿಯರು. ಕೆಲಸ ಕಠಿಣವಿತ್ತು, ಪಾಳಿ ಉದ್ದವಿತ್ತು. ಆದರೂ ತಮ್ಮದೇ ಸಂಬಳ, ತಮ್ಮದೇ ಓಡಾಟ ಅವರ ಕೈಗೆ ಬಂದವು. ನಮ್ಮ ಕಡೆ ಅದೇ ವಯಸ್ಸಿಗೆ ಅಥವಾ ಅದಕ್ಕೂ ಮೊದಲೇ ಮದುವೆ ಮಾಡಿ ಕಳಿಸುತ್ತೇವೆ.

ಮೂರನೆಯದು ಹಳ್ಳಿಗಾಡಿನ ಉದ್ಯಮ. 1980ರ ದಶಕದಲ್ಲಿ ಎಲ್ಲರೂ ಶಾಂಘೈಗೆ ಓಡಲಿಲ್ಲ. ಹೋಬಳಿ, ಹಳ್ಳಿಗಳ ಮಟ್ಟದಲ್ಲೇ ಸಣ್ಣ ಕಾರ್ಖಾನೆಗಳು ಎದ್ದು, 1996ರ ಹೊತ್ತಿಗೆ ಸುಮಾರು 13 ಕೋಟಿ ಜನರಿಗೆ ಕೆಲಸ ಕೊಟ್ಟವು. ಝೆಜಿಯಾಂಗ್‌ನಲ್ಲಿ ಒಂದೂರು ಕಾಲುಚೀಲಕ್ಕೆ, ಇನ್ನೊಂದೂರು ಗುಂಡಿಗೆ, ಮತ್ತೊಂದು ಬೀಗಕ್ಕೆ ಹೆಸರಾಯಿತು. ಯಿವುವಿನಲ್ಲಿ 75 ಸಾವಿರ ಮಳಿಗೆಗಳ ಸಂತೆಯೇ ಎದ್ದಿತು. ಆಮೇಲೆ ಇಂಟರ್‌ನೆಟ್ ಬಂದಾಗ ಇದೇ ಹಳ್ಳಿಗಳು ನೇರ ಗಿರಾಕಿಗೆ ಮಾರಲು ಕಲಿತವು. ಮೊಬೈಲಿನಲ್ಲಿ ಹಣ ಕೊಡುವುದರಲ್ಲಿ ಇಂದು ನಾವೂ ಅವರಿಗೆ ಸಮ. ಗೊರೇಬಾಳದ ಚಹದಂಗಡಿಯಲ್ಲೂ ಫೋನ್‌ಪೇ ಫಲಕವಿದೆ. ಆದರೆ ಅಲ್ಲಿ ಹಳ್ಳಿಯವನು ಆ ಫಲಕದಿಂದ ದೇಶಕ್ಕೇ ಮಾರುತ್ತಾನೆ, ಇಲ್ಲಿ ನಾವು ಹೆಚ್ಚಾಗಿ ಕೊಳ್ಳುತ್ತೇವೆ. ರಾಯಚೂರಿನ ಹತ್ತಿ ಅಂಡಿಗೆ ಕಟ್ಟಿ ಹೊರಗೆ ಹೋಗುತ್ತದೆ. ಆ ಹತ್ತಿಯ ಬಟ್ಟೆ ಹೊಲಿಯಲು ನಮ್ಮ ಹೆಣ್ಣುಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಾರೆ.

ದಾರಿಗಳ ಮಾತೂ ಅಷ್ಟೇ. ಚೀನಾದಲ್ಲಿ ಮೊದಲ ವೇಗದ ರೈಲು ಬೀಜಿಂಗ್–ತಿಯಾಂಜಿನ್ ನಡುವೆ ಓಡಿದ್ದು 2008ರಲ್ಲಿ. 2024ರ ಕೊನೆಗೆ ಆ ಜಾಲ 48 ಸಾವಿರ ಕಿ.ಮೀ. ತಲುಪಿತು. 1990ರ ದಶಕದಲ್ಲಿ ಮಂಜೂರಾದ ಗಿಣಿಗೇರಾ–ಮೆಹಬೂಬನಗರ ಮಾರ್ಗದಲ್ಲಿ ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಮುಂದಿನ ದಾರಿಗಾಗಿ ಜನ ಇನ್ನೂ ಕಾಯಬೇಕಾಯಿತು.

ಬೆಳಕಿನ ಆಚೆ

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಆ ಬದುಕಿನಲ್ಲಿ ನನ್ನನ್ನು ಕಾಡಿದ್ದು ಮೌನ. ಕಚೇರಿಯಲ್ಲಿ, ಊಟದಲ್ಲಿ, ಹಬ್ಬದಲ್ಲಿ ಅವರು ನಗುತ್ತಾರೆ, ವಾದಿಸುತ್ತಾರೆ, ಬೆಲೆಯೇರಿಕೆಗೆ ಗೊಣಗುತ್ತಾರೆ. ಆಡಳಿತದ ಮಾತು ಬಂದೊಡನೆ ದನಿ ತಗ್ಗುತ್ತದೆ. 2022ರ ವಸಂತದಲ್ಲಿ ಎರಡೂವರೆ ಕೋಟಿ ಜನರ ಶಾಂಘೈ ಎರಡು ತಿಂಗಳು ಮನೆಯೊಳಗೆ ಬಂದಿಯಾಯಿತು. ತರಕಾರಿಗೂ ಪರದಾಡಿದ ಜನ ಬರೆದದ್ದು ಅಂತರ್ಜಾಲದಿಂದ ಗಂಟೆಗಳಲ್ಲೇ ಮಾಯವಾಗುತ್ತಿತ್ತು. ನೀರಿಗಾಗಿ ರಸ್ತೆ ತಡೆದ ನಮ್ಮ ಕೊನೆಭಾಗದ ರೈತ, ತಹಶೀಲ್ದಾರರ ಮುಂದೆ ನಿಂತು ಜೋರಾಗಿ ಪ್ರಶ್ನಿಸುವ ನಮ್ಮ ಹೆಣ್ಣುಮಗಳು ಅಲ್ಲಿ ಹಾಗೆ ಮಾಡಲಾರರು. ಈ ಹಕ್ಕನ್ನು ನಾವು ಸಣ್ಣದೆಂದು ಎಣಿಸಬಾರದು.

ಏಳಿಗೆಗೂ ಮುಪ್ಪು ಬಂದಿದೆ. 1980ರಿಂದ 2015ರವರೆಗಿನ ಒಂದೇ ಮಗುವಿನ ಕಟ್ಟಳೆಯ ಫಲವಾಗಿ 2022ರಿಂದ ಜನಸಂಖ್ಯೆ ಇಳಿಯತೊಡಗಿದೆ. ಎವರ್‌ಗ್ರಾಂಡ್‌ನಂಥ ದೈತ್ಯ ಬಿಲ್ಡರ್ ಕಂಪನಿ 2021ರಲ್ಲಿ ಸಾಲ ತೀರಿಸಲಾಗದೆ ಕುಸಿದಾಗ, ಮುಂಗಡ ಕೊಟ್ಟವರ ಮನೆಗಳು ಅರ್ಧಕ್ಕೇ ನಿಂತವು. 2023ರ ಜೂನ್‌ನಲ್ಲಿ ನಗರದ ಯುವಕರ ನಿರುದ್ಯೋಗ ಶೇ 21 ದಾಟಿದಾಗ ಸರ್ಕಾರ ಕೆಲಕಾಲ ಆ ಅಂಕಿಯನ್ನೇ ಪ್ರಕಟಿಸಲಿಲ್ಲ. ಮೊದಲ ತಲೆಮಾರಿನ ಗುಳೆಯವರು ಈಗ ಅರವತ್ತು ದಾಟಿದ್ದಾರೆ. ನಗರದ ನೌಕರರಿಗೆ ತಿಂಗಳಿಗೆ ಸಾವಿರಾರು ಯುವಾನ್ ಪಿಂಚಣಿ, ಹಳ್ಳಿಗೆ ಮರಳಿದ ಇವರಿಗೆ ಸರಾಸರಿ ಇನ್ನೂರರ ಆಸುಪಾಸು. ದೇಶ ಕಟ್ಟಿದವರಿಗೆ ದೇಶ ಕೊಟ್ಟ ಪಾಲು ಇಷ್ಟು.

ನಮಗೆ ಬೇಕಾದದ್ದು

ಚೀನಾದ ಬಲ ಒಬ್ಬ ನಾಯಕನಿಂದಲೋ ಕಟ್ಟುನಿಟ್ಟಿನಿಂದಲೋ ಬಂತೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಟ್ಟುನಿಟ್ಟು ಬರಗಾಲದ ಕಾಲದಲ್ಲೂ ಇತ್ತು, ಜನ ಆಗ ಹಸಿವಿನಿಂದ ಸತ್ತರು. ಓದಿದ ಹಳ್ಳಿಗರು, ಕೈತಪ್ಪದ ತುಂಡು ಹೊಲ, ಮನೆಯಿಂದ ಹೊರಬಂದು ದುಡಿದ ಹೆಣ್ಣುಮಕ್ಕಳು, ಊರ ಸಮೀಪವೇ ಎದ್ದ ಕೆಲಸ, ಈ ನಾಲ್ಕೂ ಕೂಡಿದಾಗ ಆ ದೇಶ ಎದ್ದಿತು. ಇವುಗಳಲ್ಲಿ ಒಂದಕ್ಕೂ ಜನರ ಬಾಯಿ ಮುಚ್ಚಿಸಬೇಕಾಗಿಲ್ಲ. ಮತದ ಹಕ್ಕು, ಮಾತಿನ ಹಕ್ಕು ಉಳಿಸಿಕೊಂಡೇ ನಾವು ಈ ನಾಲ್ಕನ್ನೂ ಪಡೆಯಬಹುದು.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ನಮ್ಮ ಹಿಂದುಳಿದಿರುವಿಕೆಯನ್ನು ಅಂಕಿಗಳಲ್ಲಿ ತೋರಿಸಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದು ದಶಕ ದಾಟಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರತಿವರ್ಷ ಹಣ ಬರುತ್ತಿದೆ. ಆ ಹಣ ಮೊದಲು ಹೋಗಬೇಕಾದದ್ದು ಕಮಾನು, ಸಮುದಾಯ ಭವನಗಳಿಗಲ್ಲ. ಪ್ರತಿ ಹೋಬಳಿಯಲ್ಲಿ ಪಿಯುಸಿವರೆಗೆ ಹೆಣ್ಣುಮಕ್ಕಳ ವಸತಿ ಶಾಲೆ ಇರಬೇಕು. ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಉಳಿದು ಓದಲು ಹಾಸ್ಟೆಲ್ ಬೇಕು, ಜೊತೆಗೆ ಹೋದ ಮಕ್ಕಳಿಗೆ ಬೆಂಗಳೂರಿನ ಶಾಲೆಯಲ್ಲಿ ಅಂದೇ ಪ್ರವೇಶ ಸಿಗಬೇಕು. ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಭತ್ತ, ಹತ್ತಿ, ತೊಗರಿಯ ಮುಂದಿನ ಕೆಲಸ ಮಾಡುವ ಸಣ್ಣ ಉದ್ಯಮಗಳು ಏಳಬೇಕು. ಖರೀದಿ ಕೇಂದ್ರಗಳು ಕೊಯ್ಲಿಗೆ ಮೊದಲೇ ತೆರೆಯಬೇಕು, ಲೀಜಿನ ರೈತನನ್ನೂ ರೈತನೆಂದು ಒಪ್ಪಬೇಕು. ಗ್ರಾಮಸಭೆಯಲ್ಲಿ ಈ ಪ್ರಶ್ನೆಗಳನ್ನು ಎತ್ತುವ ಹಕ್ಕು ನಮಗಿದೆ. ಶಿಯಾವ್‌ಗಾಂಗ್‌ನ 18 ರೈತರು ರಾತ್ರಿ ಗುಟ್ಟಾಗಿ ಮಾಡಿದ್ದನ್ನು ನಾವು ಹಗಲಿನಲ್ಲಿ, ಎಲ್ಲರ ಮುಂದೆ ಮಾಡಬಹುದು. ಹೊಲ ಇನ್ನೂ ಕೈಯಲ್ಲಿರುವವರಿಗೆ ನನ್ನ ಕೊನೆಯ ಮಾತು: ಕಷ್ಟವಾದರೆ ಗೇಣಿಗೆ ಕೊಡಿ, ಮಾರಬೇಡಿ. ಮಗಳ ಮದುವೆಗೆ ಮೊದಲು ಅವಳ ಓದು ಮುಗಿಸಿ.